ಬಿಟ್ಟುಕೊಟ್ಟವನು, ಬಿಡಲಾರದವಳು

"ಸತ್ತವರನ್ನ ಮನ್ಯಾಗ ಇಟ್ಕೊಂಡು ಕುಂದ್ರೂದು ಪ್ರೀತಿ ಅಲ್ಲರಿ. ಅದು ಹೆದರಿಕಿ."

ಅಷ್ಟು ಹೇಳಿ ಮಾಂತೇಶ ಚಹದ ಕಪ್ಪು ಕೆಳಗಿಟ್ಟ. ಎದುರಿಗೆ ಕುಳಿತಿದ್ದ ಪೂನಮ್‌ಳ ಮುಖ ಒಮ್ಮೆಲೇ ಬಿಳಿಚಿತು. ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಮೊದಲ ಸಲ ಭೇಟಿಯಾಗಿ ಇನ್ನೂ ಇಪ್ಪತ್ತು ನಿಮಿಷವಾಗಿರಲಿಲ್ಲ.

ಅವಳು ಎದ್ದಳು. ಏನಾಯಿತೆಂದು ಅವನು ಕೇಳುವಷ್ಟರಲ್ಲಿ ಬಾಗಿಲು ದಾಟಿದ್ದಳು. ಮನೆ ಮುಟ್ಟುವ ಮೊದಲೇ ಅವನನ್ನು ಬ್ಲಾಕ್ ಮಾಡಿದ್ದಳು.

ಅವರ ಪರಿಚಯವಾದದ್ದು ಒಂದು ಫೇಸ್‌ಬುಕ್ ಗುಂಪಿನಲ್ಲಿ. ವಿದೇಶಿ ಸೀರೀಸುಗಳನ್ನು ನೋಡಿ ಕನ್ನಡದಲ್ಲಿ ಬರೆಯುವವರ ಗುಂಪು ಅದು. ಸತ್ತವರು ಎದ್ದು ಓಡಾಡುವ ಒಂದು ಜೋಂಬಿ ಸೀರೀಸು ಮಾಂತೇಶನಿಗೆ ಪ್ರಾಣ. ಆ ಕಥೆ ಶುರುವಾಗುವ ಹೊತ್ತಿಗೆ ಜಗತ್ತು ಮುಗಿದಿರುತ್ತದೆ, ಉಳಿದವರು ತಮ್ಮವರನ್ನೇ ಗುಂಡಿಟ್ಟು ಕೊಂದು ಮುಂದೆ ನಡೆಯುತ್ತಾರೆ. ಪೂನಮ್‌ಗೆ ಹಿಡಿಸಿದ್ದು ಅದರಿಂದ ಕವಲೊಡೆದ ಎರಡನೇ ಸೀರೀಸು. ಅದು ಸತ್ತವರು ಏಳತೊಡಗಿದ ಮೊದಲ ವಾರಗಳ ಕಥೆ. ಅದರಲ್ಲಿ ಒಬ್ಬ ಮುದುಕ ಮೀನುಗಾರ, ಜೋಂಬಿಯಾದ ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿ, ದಿನಾ ಬಾಗಿಲ ಬಳಿ ತಟ್ಟೆಯಿಟ್ಟು ಮಾತಾಡಿಸುತ್ತಾನೆ. ಯಾವುದು ಹೆಚ್ಚು ಎಂದು ಇಬ್ಬರೂ ನಾಲ್ಕು ತಿಂಗಳು ವಾದಿಸಿದ್ದರು. ಆ ವಾದ ಎಂದು ಬೇರೇನೋ ಆಯಿತೋ ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಅವಳು ಅವನಿಗೆ ಹೇಳಿರಲಿಲ್ಲ.

ಬಸ್ಸಿನ ಡ್ರೈವರ್ ಆಗಿದ್ದ ಅವಳ ಅಪ್ಪ ಸತ್ಯಪ್ಪನಿಗೆ ಎರಡು ವರ್ಷದ ಹಿಂದೆ ಮೆದುಳಿನಲ್ಲಿ ರಕ್ತ ಸೋರಿತ್ತು. ಅಂದಿನಿಂದ ಅವನು ಕಣ್ಣು ತೆರೆಯುತ್ತಿದ್ದ, ಯಾರನ್ನೂ ನೋಡುತ್ತಿರಲಿಲ್ಲ. ಮೂಗಿನ ನಳಿಕೆಯಿಂದ ಗಂಜಿಯ ತಿಳಿ. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ತಾಯಿ ಬೇಗ ತೀರಿಕೊಂಡಿದ್ದಳು. ಪೂನಮ್ ಅದೇ ಕೋಣೆಯಲ್ಲಿ ಮಷೀನು ಹಾಕಿಕೊಂಡು ಜಂಪರ್ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ಫೋನಿನಲ್ಲಿ ಸೀರೀಸು ನೋಡುತ್ತಿದ್ದಳು. ಸವದತ್ತಿಯಿಂದ ಹೆಣ್ಣು ನೋಡಲು ಬಂದವರು ಆ ಕೋಣೆಗೆ ಇಣುಕಿ, ಚಹ ಕೂಡ ಕುಡಿಯದೆ ಹೋಗಿದ್ದರು.

'ಇವನಾದರೂ ಬೇರೆ ಅಂದುಕೊಂಡಿದ್ದೆ...'

ವಾರದ ಮೇಲೆ ಅವಳು ಗುಂಪಿನಲ್ಲಿ ಬರೆದಳು. ಮೊದಲ ಸೀರೀಸಿನಲ್ಲಿ ಸತ್ತವರಿಗೆ ಹೆಸರಿಲ್ಲ, ಎರಡನೆಯದರಲ್ಲಿ ಪ್ರತಿಯೊಬ್ಬರಿಗೂ ಇದೆ, ಅದಕ್ಕೇ ಅಲ್ಲಿ ಬಿಡುವುದು ಕಷ್ಟ ಎಂದು ವಿವರಿಸಿದಳು. ಕೊನೆಯಲ್ಲಿ ತನ್ನ ಅಪ್ಪನ ಬಗ್ಗೆ ನಾಲ್ಕು ಸಾಲು ಬರೆದಳು. ಮುದುಕ ಹೆದರಿದ್ದು ನಿಜ, ಆದರೆ ಹೆದರಿಕೆಯಿಂದ ಯಾರೂ ಎರಡು ವರ್ಷ ಬೆನ್ನು ಒರೆಸುವುದಿಲ್ಲ ಎಂದು ಮುಗಿಸಿದಳು.

ಗುಂಪು ನಡೆಸುತ್ತಿದ್ದ ಕಿತ್ತೂರಿನ ಸ್ನೇಹಲ್ ಅದನ್ನು ಮಾಂತೇಶನಿಗೆ ಕಳಿಸಿದಳು. ಅವನು ವಿಳಾಸ ಕೇಳಿದಾಗ ಪೂನಮ್‌ಳ ಒಪ್ಪಿಗೆ ಬೇಡಿದಳು. ಬರಲಿ ಎಂದಳು ಪೂನಮ್. ಬಂದು ಕಣ್ಣಾರೆ ನೋಡಲಿ!

ರವಿವಾರ ಮಧ್ಯಾಹ್ನ ಅವನು ಬಂದ. ಕ್ಷಮೆ ಕೇಳುತ್ತಾನೆ, ಹೋಗುತ್ತಾನೆ ಎಂದುಕೊಂಡಿದ್ದಳು. ಅವನು ಹೊಸ್ತಿಲಲ್ಲೇ ನಿಂತು ಸತ್ಯಪ್ಪನನ್ನು ಬಹಳ ಹೊತ್ತು ನೋಡಿದ.

"ನನ್ನ ತಮ್ಮ ಆಕಾಶ ಹಿಂಗ ಇದ್ದ," ಎಂದ. "ಧಾರವಾಡದಾಗ, ಹನ್ನೊಂದು ದಿನ. ಗಾಡಿ ಮ್ಯಾಲಿಂದ ಬಿದ್ದಿದ್ದ. ಉಸಿರಿನ ಮಷೀನ್ ತೆಗೀಲೇನು ಅಂತ ಡಾಕ್ಟರ್ ನನ್ನ ಕೇಳಿದ್ರು. ತೆಗೀರಿ ಅಂದೆ."

ಅವಳು ಹೊಲಿಗೆಯ ಸ್ಟೂಲನ್ನು ಅವನತ್ತ ಸರಿಸಿದಳು. ಅವನು ಕೂರಲಿಲ್ಲ.

"ಆ ಸೀರೀಸಿನ್ಯಾಗ ಹಂಗ ಮಾಡಿದವರನ್ನ ಗಟ್ಟಿ ಮಂದಿ ಅಂತಾರ. ಅದಕ್ಕ ಅದನ್ನ ಮತ್ತ ಮತ್ತ ನೋಡಿದೆ. ನಿಮ್ಮ ಮುದುಕನ ಕಂತು ನನಗ ಪೂರಾ ನೋಡಾಕ ಆಗಿಲ್ಲರಿ. ಅವತ್ತು ಹೇಳಿದ್ದು ನಿಮಗ ಅಲ್ಲ. ನನಗ ನಾನ ಹೇಳ್ಕೊಂಡಿದ್ದು."

ಅಪ್ಪನನ್ನು ಹೊರಳಿಸುವ ಹೊತ್ತಾಗಿತ್ತು. ಅವಳು ಒಂದು ಬದಿ ಹಿಡಿದಳು. ಕೇಳದೆಯೇ ಅವನು ಇನ್ನೊಂದು ಬದಿ ಹಿಡಿದ. ಎಲ್ಲಿ ಕೈಯಿಡಬೇಕೆಂದು ಅವನಿಗೆ ಗೊತ್ತಿತ್ತು... ಅದನ್ನು ಕಂಡು ಅವಳ ಕಣ್ಣು ತುಂಬಿತು.

ಮುಂದಿನ ರವಿವಾರವೂ ಬಂದ, ಅದರ ಮುಂದಿನದೂ. ದೊಡವಾಡದಿಂದ ಬಸ್ಸು ಹಿಡಿದು ಬಂದು, ಅಪ್ಪನ ಗಡ್ಡ ಬೋಳಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಪ್ರೀತಿಯ ಮಾತು ಒಂದೂ ಆಡಲಿಲ್ಲ. ಪಕ್ಕದ ಮನೆಯ ಲಗಮವ್ವ ಇವನು ಯಾರೆಂದು ಕೇಳಿದಾಗ ಪೂನಮ್ ಅಪ್ಪನ ಗಡ್ಡ ಬೋಳಿಸಲು ಬರುವವನು ಎಂದಳು.

ಚಳಿಗಾಲದ ಒಂದು ಬೆಳಿಗ್ಗೆ ಗಂಜಿ ಹಿಡಿದು ಹೋದಾಗ ಸತ್ಯಪ್ಪನ ಉಸಿರು ನಿಂತಿತ್ತು. ಮಾಂತೇಶ ಬಂದು ಹೆಗಲು ಕೊಟ್ಟ. ದಿನದ ಕಾರ್ಯಗಳೆಲ್ಲ ಮುಗಿದವು. ಎರಡು ತಾಸಿಗೊಮ್ಮೆ ಅವಳು ಈಗಲೂ ಮಷೀನು ಬಿಟ್ಟು ಏಳುತ್ತಿದ್ದಳು, ಖಾಲಿ ಮಂಚ ನೋಡಿ ಮತ್ತೆ ಕೂರುತ್ತಿದ್ದಳು.

ಮತ್ತೆ ರವಿವಾರ ಬಂತು. ಅವನೂ ಬಂದ.

'ತಮ್ಮನಿಗೆ ಮಾಡಲಾಗದ್ದನ್ನು ನನ್ನ ಅಪ್ಪನಿಗೆ ಮಾಡಿದ. ಅಷ್ಟೇ. ಇನ್ನು ಇಲ್ಲಿ ಇವನಿಗೇನು ಕೆಲಸ?' ಇಡೀ ವಾರ ಈ ಯೋಚನೆ ಅವಳನ್ನು ಹಿಂಡಿತ್ತು.

"ಇನ್ನ ಬರಬ್ಯಾಡ್ರಿ," ಎಂದಳು. "ನಿಮ್ಮ ಮನಸ್ಸಿನ ಭಾರ ಇಳಿಸ್ಕೊಳ್ಳಾಕ ಇಲ್ಲಿ ಯಾರೂ ಉಳದಿಲ್ಲ."

ಅವನ ಮುಖ ಕುಗ್ಗಿತು. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದ. ನಾಲ್ಕು ಹೆಜ್ಜೆ ನಡೆದು ನಿಂತ, ತಿರುಗಿ ಬಂದ.

"ಮೊದಲ ಎರಡು ರವಿವಾರ ಭಾರಕ್ಕ ಬಂದೆ. ಖರೇ," ಎಂದ. "ಆಮ್ಯಾಲಿಂದು ಎಲ್ಲಾ ನಿಮ್ಮನ್ನ ನೋಡಾಕ ಬಂದಿದ್ದು. ನಿಮ್ಮ ಅಪ್ಪನ ಮುಂದ ಅದನ್ನ ಹೆಂಗ ಹೇಳಬೇಕಿತ್ತು?"

ಪೂನಮ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಪ್ಪ ಹೋದ ದಿನವೂ ಬಾರದ ಅಳು ಆಗ ಬಂತು. ಅವನು ಹತ್ತಿರ ಬಂದ. ಅವಳು ಅವನ ತೋಳಿಗೆ ಹಣೆಯಿಟ್ಟು ಅಳು ಮುಗಿಯುವವರೆಗೂ ಅತ್ತಳು.

ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಆಕಾಶನ ಮಷೀನು ತೆಗೆಸಿದ್ದು ಅವನ ಅವ್ವನಿಗೆ ಗೊತ್ತೇ ಎಂದು ಕೇಳಿದಳು. ಮಾಂತೇಶ ಇಲ್ಲವೆಂದು ತಲೆಯಾಡಿಸಿದ. ಡಾಕ್ಟರ ಕೈಯಿಂದಲೂ ಉಳಿಸಲಾಗಲಿಲ್ಲ ಎಂದಷ್ಟೇ ಅವ್ವ ಬಾಯವ್ವನಿಗೆ ಹೇಳಿದ್ದ. ಮೂರು ವರ್ಷವಾಗಿತ್ತು. ಅವ್ವ ಕಣ್ಣಿಟ್ಟು ನೋಡಿದರೆ ಇವನು ಎದ್ದು ಹೊರಗೆ ಹೋಗುತ್ತಿದ್ದ.

"ಹೇಳೂಣು," ಎಂದಳು ಪೂನಮ್. "ನಾನೂ ಬರತೇನಿ."

"ಅಕಿ ನನ್ನ ಮಾರಿ ನೋಡಲಿಲ್ಲಂದ್ರ?"

"ನಾ ನೋಡತೇನಿ."

ಅವನು ಅವಳ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು.

"ಯಾವಾಗ ಬರ್ತೀರಿ?"

"ಮೊದಲು ಆ 'ರಿ' ಬಿಡು. ಆಮ್ಯಾಲ ಕೇಳು."

ಅವನು ನಕ್ಕ, ಕೈ ಬಿಡಲಿಲ್ಲ.

"ಯಾವಾಗ ಬರ್ತಿ, ಪೂನಮ್?"

"ಈಗ. ಸೀರಿ ಉಟ್ಕೊಂಡು ಬರತೇನಿ, ತಡಿ."