ಹಂಡೆಯೊಳಗಿನ ಅಣ್ಣ

ಬಹಳ ಹಿಂದೆ, ತಾಮ್ರಗಿರಿಯೆಂಬ ರಾಜ್ಯದಲ್ಲಿ ನಿಂಬವ್ವ ಎಂಬ ಕಂಚುಗಾರರ ಹುಡುಗಿಯಿದ್ದಳು. ಅವಳಿಗೆ ತನ್ನವರೆಂದು ಇದ್ದವನು ಅಣ್ಣ ಬೊಮ್ಮಣ್ಣ ಒಬ್ಬನೇ.

ಒಂದು ದಿನ ಹಿಮಕೇತು ಎಂಬ ಮಾಂತ್ರಿಕ ಬಂದು, ರಾಜನ ಕಿರೀಟದಂಥದ್ದೇ ತನಗೂ ಬೇಕೆಂದ.

“ಚೊಂಬು ಬೇಕಾದ್ರೆ ಮಾಡಿಕೊಡ್ತೀನಿ, ಸ್ವಾಮಿ” ಎಂದ ಬೊಮ್ಮಣ್ಣ.

ಮಾಂತ್ರಿಕ ಅವನನ್ನು ನಿಂತಲ್ಲೇ ಮಂಜುಗಡ್ಡೆ ಮಾಡಿ ಬೆಟ್ಟಕ್ಕೆ ಒಯ್ದ. ರಾಜ ಕೋಟೆ ಬಾಗಿಲು ಹಾಕಿಕೊಂಡ. ಪಾಪ, ಅವನಿಗೂ ಜೀವಭಯ.

ನಿಂಬವ್ವ ಕೈಗಾಡಿಯಲ್ಲಿ ಮುಚ್ಚಳವಿದ್ದ ದೊಡ್ಡ ಹಂಡೆ, ಹಗ್ಗ, ದಾರಿಗೆಂದು ಕಲಸಿದ ರಾಗಿಹಿಟ್ಟಿನ ಮುದ್ದೆ ಇಟ್ಟುಕೊಂಡು ಬೆಟ್ಟ ಹತ್ತಿ, ಅಣ್ಣನನ್ನು ಬಿಟ್ಟುಕೊಡು ಎಂದು ಕೇಳಿದಳು.

“ಕರಕೊಂಡು ಹೋಗು” ಎಂದ ಹಿಮಕೇತು. “ದಾರಿಯಲ್ಲಿ ನನ್ನ ಮೂರು ಬಾಗಿಲುಗಳಿವೆ. ಮನೆ ಹೊಸ್ತಿಲಲ್ಲಿ ಅವನು ಮತ್ತೆ ಮನುಷ್ಯನಾಗುತ್ತಾನೆ. ಪೂರ್ತಿ ಸಿಕ್ಕರೆ ನನ್ನ ಮಾಟ ನನಗೇ ತಿರುಗಲಿ. ಒಂದು ಹನಿ ಕಮ್ಮಿಯಾದರೂ ನೀನೂ ಗಡ್ಡೆ!”

ಮೊದಲ ಬಾಗಿಲು ಕಿರಿದು. ಚಾಚಿದ್ದ ಅಣ್ಣನ ಕೈ ಅಡ್ಡ ಬಂತು. “ಮುರಿ, ಸಲೀಸಾಗುತ್ತೆ” ಎಂದಿತು ಬಾಗಿಲ ಮೇಲಿನ ಕಲ್ಲುಗಿಳಿ. ಗಟ್ಟಿಯಾದದ್ದು ತನ್ನ ಆಕಾರ ಬಿಡುವುದಿಲ್ಲ ಎಂದು ನಿಂಬವ್ವನಿಗೆ ಗೊತ್ತು. ಮಂಚವನ್ನು ಒಳಗೆ ತರುವ ಹಾಗೆ ಅಣ್ಣನನ್ನು ಓರೆ ಮಾಡಿ ದಾಟಿಸಿದಳು.

ಎರಡನೆಯ ಬಾಗಿಲಲ್ಲಿ ಬೆಂಕಿಸಿಂಹ ಉಸಿರು ಬಿಡಲು ಬಾಯಿ ತೆರೆಯಿತು. ನಿಂಬವ್ವ ತಕ್ಷಣ ಅಣ್ಣನನ್ನು ಹಂಡೆಯೊಳಗೆ ನಿಲ್ಲಿಸಿದಳು. ಅವನು ಕರಗಿ, ಹಂಡೆಯ ಆಕಾರಕ್ಕೇ ಬಂದ. ಹಂಡೆ ಅಗಲವಿತ್ತು, ಅರ್ಧಕ್ಕೇ ನಿಂತ. ಒಂದು ಹನಿಯೂ ಚೆಲ್ಲಲಿಲ್ಲ.

ಮೂರನೆಯ ಬಾಗಿಲಲ್ಲಿ ಉರಿಹಾವು ಹಂಡೆಯ ಕೆಳಗೆ ಸುತ್ತಿಕೊಂಡಿತು. ನೀರು ಕುದಿಯತೊಡಗಿತು. ಇನ್ನು ಆವಿಯಾಗುವ ಅಣ್ಣ ಅರ್ಧಕ್ಕೆ ನಿಲ್ಲುವವನಲ್ಲ, ಸಿಕ್ಕ ಜಾಗವನ್ನೆಲ್ಲ ತುಂಬಿ, ಸಂದು ಸಿಕ್ಕರೆ ಹೊರಟೇ ಹೋಗುವವನು. ನಿಂಬವ್ವ ಹಂಡೆಯತ್ತ ಧಾವಿಸಿದಳು. ಮುಚ್ಚಳ ಹಾಕಿ, ಅಂಚಿಗೆಲ್ಲ ರಾಗಿಹಿಟ್ಟು ಮೆತ್ತಿ, ಹಗ್ಗ ಬಿಗಿದಳು.

ಮನೆ ಮುಟ್ಟಿದಾಗ ಹಿಮಕೇತು ಹೊಸ್ತಿಲ ಬಳಿ ಕಾದಿದ್ದ. “ತೆಗಿ, ನೋಡೋಣ.”

ನಿಂಬವ್ವ ತೆಗೆಯಲಿಲ್ಲ. ಮುಚ್ಚಳದ ಮೇಲೆ, ಹಂಡೆಯ ಸುತ್ತ ಬಾವಿಯ ತಣ್ಣೀರು ಸುರಿಯುತ್ತಲೇ ಹೋದಳು. ಒಳಗೆ ಟಪ್ ಟಪ್ ಸದ್ದು ಕೇಳಿ, ಅದೂ ನಿಂತ ಮೇಲೆ ಮುಚ್ಚಳ ಎತ್ತಿದಳು.

ನೀರೇ ಮನುಷ್ಯನಾಗಿ ಬೊಮ್ಮಣ್ಣ ಎದ್ದು ನಿಂತ! ಆದರೆ ಎಡಗೈಯಲ್ಲಿ ಕಿರುಬೆರಳಿಲ್ಲ.

“ಹನಿ ಕಮ್ಮಿ!” ಎಂದು ಮಾಂತ್ರಿಕ ಕುಣಿದ. ನಿಂಬವ್ವನ ಪಾದ ಮಂಜುಗಟ್ಟತೊಡಗಿತು.

ಹನಿ ಎಲ್ಲಿ ಹೋದೀತು? ಅವಳು ಮುಚ್ಚಳದ ಅಂಚು ಮುಟ್ಟಿ ನೋಡಿದಳು. ಹಿಟ್ಟಿನ ಒಳಮೈ ಒಂದು ಕಡೆ ಒದ್ದೆಯಾಗಿತ್ತು. ಅದನ್ನು ಕೆರೆದು ಅಣ್ಣನ ಬಾಯಿಗಿಟ್ಟಳು.

“ತಿನ್ನಣ್ಣ, ಬೇಗ!”

“ಉಪ್ಪೇ ಹಾಕಿಲ್ಲವಲ್ಲೇ” ಎನ್ನುತ್ತ ಅವನು ನುಂಗಿದ. ಕಿರುಬೆರಳು ಮೂಡಿತು, ತಂಗಿಯ ಪಾದದ ಮಂಜೂ ಕರಗಿತು. ನಿಂಬವ್ವ ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಮಾಟ ತಿರುಗಿತು. ಹಿಮಕೇತು ಗಡ್ಡೆಯಾದ, ಬಿಸಿಲಿಗೆ ನೀರಾದ, ಆವಿಯಾದ. ಅವನಿಗಾಗಿ ಮುಚ್ಚಳ ಹಿಡಿಯಲು ಯಾರೂ ಇರಲಿಲ್ಲ.

ರಾಜ ಕೋಟೆ ಬಾಗಿಲು ತೆಗೆದ. ರಾಜ್ಯದವರೆಲ್ಲ ಸುಖವಾಗಿದ್ದರು. ನಿಂಬವ್ವ ಮಾತ್ರ ಅಂದಿನಿಂದ ಹಿಟ್ಟು ಕಲಸುವಾಗ ಉಪ್ಪು ಮರೆಯಲಿಲ್ಲ.