ಈಟಿ ಎತ್ತಿ ನಿಂತವನ ಫೋಟೊ

೨೦೧೨ರ ಫೆಬ್ರವರಿ ೧೪, ಬೆಳಿಗ್ಗೆ ೭.೪೦. ಸೋಬಾತ್ ನದಿ ದಂಡೆಯ ಠಾಣೆಗೆ ಶಾಲೆಯ ಮೇಷ್ಟ್ರು ಮಲ್ವಾಲ್ ಏದುಸಿರು ಬಿಡುತ್ತ ಬಂದರು. ಶಾಲೆಯ ಪ್ರದರ್ಶನದಿಂದ ಒಂದು ಫೋಟೊ ಕಳುವಾಗಿತ್ತು. ಎಂಬತ್ತು ವರ್ಷದ ಹಿಂದೆ ಬಿಳಿಯನೊಬ್ಬ ನಮ್ಮ ನುಯೆರ್ ಜನರ ನಡುವೆ ಇದ್ದು ತೆಗೆದ ಚಿತ್ರಗಳವು. ದೂರದೇಶದ ಮ್ಯೂಸಿಯಮ್ಮಿನಿಂದ ಎರವಲು ಬಂದಿದ್ದವು.

"ಯಾವ ಫೋಟೊ?" ಇನ್‌ಸ್ಪೆಕ್ಟರ್ ಬಿಚಿಯೊಕ್ ಕೇಳಿದ.

"ನೀರಲ್ಲಿ ನಿಂತು ಮೀನಿಗೆ ಈಟಿ ಎತ್ತಿರೋ ಹುಡುಗಂದು."

"ಹುಡುಗನ ಹೆಸರು?"

"ಬರೆದಿಲ್ಲ. ‘ನುಯೆರ್ ಯುವಕ’ ಅಂತಷ್ಟೆ."

"ಹೆಸರೇ ಇಲ್ಲದೋನನ್ನ ಯಾರು ಮೇಷ್ಟ್ರೇ ಕದೀತಾರೆ?" ಕಾನ್‌ಸ್ಟೆಬಲ್ ರುವಾಚ್ ನಕ್ಕ.

ಎಫ್‌ಐಆರ್ ದಾಖಲಾಯಿತು. ೮.೩೦ಕ್ಕೆ ಸ್ಥಳ ಪಂಚನಾಮೆ. ಗಾಜು ಒಡೆದಿರಲಿಲ್ಲ. ಚೌಕಟ್ಟು ಬಿಚ್ಚಿದವರು ನಾಲ್ಕು ಮೊಳೆಗಳನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟು ಹೋಗಿದ್ದರು. ಇದು ಕಳ್ಳರ ಕೈಯಲ್ಲ ಎಂದು ಬಿಚಿಯೊಕ್‌ಗೆ ಅನ್ನಿಸಿತು.

ಕಸ ಗುಡಿಸುವವಳು ಹೇಳಿದಳು: "ನ್ಯಾಚಾರ್ ಅಜ್ಜಿ ಮೂರು ದಿನ ಅದರ ಮುಂದೇನೇ ಕೂತಿದ್ಲು. ನಿನ್ನೆ ಸೂತಕದೋರ ಹಾಗೆ ತಲೆ ಬೋಳಿಸ್ಕೊಂಡು ಬಂದಿದ್ಲು."

೧೧.೧೫ಕ್ಕೆ ಬಿಚಿಯೊಕ್, ರುವಾಚ್ ಇಬ್ಬರೂ ನ್ಯಾಚಾರ್ ಗುಡಿಸಲು ಮುಟ್ಟಿದರು. ಎಡಗಡೆ ಹಸಿ ಮಣ್ಣಿನ ದಿಬ್ಬ. ಅದರ ಪಕ್ಕದಲ್ಲೇ ಮುದುಕಿ ಕೂತಿದ್ದಳು.

"ಯಾರು ತೀರಿಕೊಂಡ್ರು ಅವ್ವ?"

"ಮಗ. ಬುವೊಮ್."

"ಯಾವಾಗ?"

"ಒಂಬತ್ತು ವರ್ಷ ಆಯ್ತು, ಯುದ್ಧದಲ್ಲಿ. ಹೆಣ ನದಿ ತಗೊಂಡೋಯ್ತು. ಮನೆ ಸುಟ್ಟಾಗ ಅವನ ಅಂಗಿ ಕೂಡ ಉಳೀಲಿಲ್ಲ."

"ಫೋಟೊ ಎಲ್ಲಿ?"

ಅವಳು ದಿಬ್ಬದ ಮೇಲೆ ಕೈಯಿಟ್ಟಳು.

"ಅದು ನಿಮ್ಮ ಮಗನದಲ್ಲ. ಎಂಬತ್ತು ವರ್ಷ ಹಳೇದು."

"ಗೊತ್ತು ಮಗಾ. ನಮ್ಮಪ್ಪ ಅದು. ಎಡಗೈಲಿ ಕಿರುಬೆರಳಿಲ್ಲ, ಮೊಸಳೆ ಕಿತ್ತಿತ್ತು. ಆದ್ರೆ ನಾನು ಅಪ್ಪನ್ನ ನೋಡಿದ್ದೇ ಅವನ ನಡುವಯಸ್ಸಲ್ಲಿ. ಗಾಜಿನೊಳಗೆ ನಿಂತಿದ್ದು ಬುವೊಮ್. ಅದೇ ಉದ್ದ ಕತ್ತು. ಈಟಿ ಎಸೆಯೋ ಮುಂಚೆ ತುಟಿ ಕಚ್ಚೋದೂ ಹಾಗೇನೇ."

"ಮೇಷ್ಟ್ರನ್ನ ಕೇಳ್ಬಹುದಿತ್ತಲ್ಲ?"

"ಕೇಳ್ದೆ. ಇದು ನಮ್ದಲ್ಲ ಅವ್ವ, ವಾಪಸು ಕಳಿಸ್ಬೇಕು ಅಂದ್ರು."

ಬಿಚಿಯೊಕ್ ನೆರೆಮನೆಯ ಇಬ್ಬರನ್ನು ಪಂಚರಾಗಿ ಕರೆಸಿದ. ರುವಾಚ್ ಸಲಿಕೆ ಎತ್ತಿಕೊಂಡ.

"ಸಲಿಕೆ ಬೇಡ. ಮುಖಕ್ಕೆ ತಾಗುತ್ತೆ. ನಾನೇ ತೆಗೀತೀನಿ" ಎಂದಳು ಮುದುಕಿ.

ಅವಳು ಬರಿಗೈಯಲ್ಲಿ ಅಗೆದಳು. ಪಂಚರು ಮುಖ ತಿರುಗಿಸಿಕೊಂಡರು. ಹಸುವಿನ ಚರ್ಮದಲ್ಲಿ ಸುತ್ತಿದ್ದ ಫೋಟೊಕ್ಕೆ ಮಣ್ಣು ಸೋಕಿರಲಿಲ್ಲ. ಅವಳು ಅದನ್ನು ಬಿಚ್ಚಿ, ಒಮ್ಮೆ ಕೆನ್ನೆಗೆ ಒತ್ತಿಕೊಂಡು, ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಳು. ೧೨.೪೦ಕ್ಕೆ ಜಪ್ತಿ, ೧೨.೫೦ಕ್ಕೆ ದಸ್ತಗಿರಿ. ಕೋಳ ಹಾಕಲಿಲ್ಲ.

"ಗುಂಡಿ ಮುಚ್ಚಿ ಬರ್ತೀನಿ. ಬಾಯಿ ತೆರೆದ ಗುಂಡಿ ಬಿಟ್ಟು ಬರಬಾರದು."

ಮೂವರೂ ಸೇರಿ ಮುಚ್ಚಿದರು. ರುವಾಚ್ ನಗಲಿಲ್ಲ.

ಸಂಜೆ ವರದಿಯಲ್ಲಿ ‘ಕೃತ್ಯಕ್ಕೆ ಕಾರಣ’ ಎಂಬಲ್ಲಿ ಬಿಚಿಯೊಕ್ ಮೊದಲು ‘ಕಳವು ಮಾಡುವ ಉದ್ದೇಶ’ ಎಂದು ಬರೆದು, ಹೊಡೆದುಹಾಕಿ, ಕೆಳಗೆ ಬರೆದ: ‘ಮಗನನ್ನು ಮಣ್ಣು ಮಾಡಲು ಆರೋಪಿಯ ಬಳಿ ಬೇರೇನೂ ಇರಲಿಲ್ಲ.’