ಐದನೆಯ ಮತ

"ಆ ಕಾಗದ ಓದ್ತೀಯೋ ಇಲ್ವೋ? ಅಷ್ಟು ಹೇಳು ಸಾಕು!"

ಪಾಸ್ಟರ್ ಹಾರ್ಲನ್ ಮೇಜು ಗುದ್ದಿದ ರಭಸಕ್ಕೆ ಬೀನ್ಸ್ ಬಟ್ಟಲು ನಡುಗಿತು. ಒಂಬತ್ತು ವರ್ಷದ ಮೊಮ್ಮಗಳು ಜೋಸಿ ಕೈಯಲ್ಲಿದ್ದ ಜೋಳದ ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. ಸೊಸೆ ಲೊರೇನ್ ತಲೆ ಎತ್ತಲಿಲ್ಲ. ಪಾಸ್ಟರರ ಹೆಂಡತಿ ವರ್ನಾ ಆ ಬಟ್ಟಲನ್ನು ಹಿಡಿದು ನಿಲ್ಲಿಸಿದಳು.

"ಓದಲ್ಲ ಅಪ್ಪ," ಎಂದಳು ಲೊರೇನ್.

ಮಗ ವೆಂಡೆಲ್ ಗಣಿಯಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಸೊಸೆ ಮಗುವಿನೊಂದಿಗೆ ಇಲ್ಲೇ, ಅಮೆರಿಕದ ಕೆಂಟಕಿ ರಾಜ್ಯದ ಈ ಕಲ್ಲಿದ್ದಲ ಊರಿನಲ್ಲೇ ಉಳಿದಿದ್ದಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಪಾಠ ಅವಳದು. ಜೀವವಿಕಾಸದ ಪಾಠಕ್ಕೆ ಮೊದಲು ಪ್ರತಿ ಟೀಚರೂ ಒಂದು ಹೇಳಿಕೆ ಓದಬೇಕೆಂದು ಈಗ ಊರು ಪಟ್ಟು ಹಿಡಿದಿತ್ತು: ಇದು ಬರೀ ಊಹೆ, ಮನುಷ್ಯನನ್ನು ದೇವರೇ ನೇರವಾಗಿ ಸೃಷ್ಟಿಸಿದನೆಂದೇ ನಾನೂ ನಂಬುತ್ತೇನೆ ಎಂದು. ಓದದವರಿಗೆ ಕೆಲಸವಿಲ್ಲ. ಕೆಲಸ ಹೋದರೆ ಲೊರೇನ್ ಪಕ್ಕದ ಒಹಾಯೊ ರಾಜ್ಯದ ಅಕ್ಕನ ಮನೆಗೆ ಹೊರಡುವವಳು. ಜೋಸಿಯ ಬಟ್ಟೆಗಳನ್ನು ಆಗಲೇ ಪೆಟ್ಟಿಗೆಗೆ ತುಂಬಿದ್ದಳು. ಇದನ್ನು ಮತ ಹಾಕಿ ತೀರ್ಮಾನಿಸುವ ಶಾಲಾ ಮಂಡಳಿಯಲ್ಲಿ ಐವರು. ಇಬ್ಬರು ಹೌದೆನ್ನುವವರು, ಇಬ್ಬರು ಬೇಡವೆನ್ನುವವರು. ಐದನೆಯವಳು ವರ್ನಾ! ಗಂಡನ ಚರ್ಚಿನವರೇ ಓಟು ಹಾಕಿ ಕೂರಿಸಿದ ವರ್ನಾ...

ಪಾತ್ರೆ ತೊಳೆಯುವಾಗ ಅವಳು ಸೊಸೆಯ ಮೊಣಕೈ ಹಿಡಿದಳು. "ಒಂದೇ ನಿಮಿಷದ ಮಾತು, ಕಂದಾ. ಗೊಣಗಿಬಿಡು. ಆ ಹುಡುಗರು ಕೇಳಿಸ್ಕೋತಾರಾ? ಪಾಠಾನೇ ಕೇಳಲ್ಲ ಅಂತೀಯಲ್ಲ!"

ಲೊರೇನ್ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಿತು. "ಅಮ್ಮ, ನಂಬದೇ ಇರೋದನ್ನ ನಂಬ್ತೀನಿ ಅಂತ ಮಕ್ಕಳ ಮುಂದೆ ಹೇಳಿದ್ರೆ, ಅದಕ್ಕೆ ನಿಮ್ಮ ಚರ್ಚಲ್ಲಿ ಏನಂತಾರೆ?"

ವರ್ನಾ ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆದಳು.

ಮರುದಿನ ಮಧ್ಯಾಹ್ನ ಮಂಡಳಿಯ ಸಭೆ ಸೇರಿದ್ದ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೆಕ್ಸಿಂಗ್ಟನ್ ನಗರದಿಂದ ಟೀವಿಯವರೂ ಬಂದಿದ್ದರು. ಲೊರೇನ್ ಮೈಕಿನ ಮುಂದೆ ನಿಂತಾಗ ಹಿಂದಿನಿಂದ ಕ್ಲೀಟಸ್ ಎಂಬವನು ಕೂಗಿದ: "ಟೀಚರಮ್ಮಾ, ನಿಮ್ಮಜ್ಜ ಯಾವ ಮರದಲ್ಲಿ ಜೋತಾಡ್ತಿದ್ದ?"

ಜನ ಹೋ ಎಂದು ನಕ್ಕರು. "ಮರದಲ್ಲಲ್ಲ ಕ್ಲೀಟಸ್, ಗಣೀಲಿದ್ದ. ನಿಮ್ಮಜ್ಜನ ಪಕ್ಕದಲ್ಲೇ," ಎಂದಳು ಲೊರೇನ್. "ಅವರು ಅಗೆದು ತಂದ ಕಲ್ಲಿನಲ್ಲೇ ಕೋಟಿಗಟ್ಟಲೆ ವರ್ಷದ ಹಿಂದಿನ ಎಲೆ ಅಚ್ಚೊತ್ತಿದೆ. ನಾನು ಅದನ್ನೇ ಕಲಿಸ್ತೀನಿ. ನಿಮ್ಮ ದೇವರನ್ನ ನಾನು ಕಿತ್ಕೊಂಡಿಲ್ಲ."

"ನಾಸ್ತಿಕಳು! ಆಚೆ ಹೋಗು!" ಎಂಬ ಕೂಗೆದ್ದಿತು. ಮೊದಲ ಸಾಲಿನಲ್ಲಿ ಕೂತ ಹಾರ್ಲನ್ ಮಾತ್ರ ಮಂಡಳಿಯ ಮೇಜಿನಲ್ಲಿದ್ದ ಹೆಂಡತಿಯನ್ನೇ ನೋಡುತ್ತಿದ್ದರು. ಮೂವತ್ತೆಂಟು ವರ್ಷದಲ್ಲಿ ಅವರ ಮಾತಿಗೆ ಒಮ್ಮೆಯೂ ಎದುರಾಡದ ಹೆಂಡತಿ...

ಮತದ ಹೊತ್ತು ಬಂತು. ಎರಡು, ಎರಡು. ವರ್ನಾ ಎದ್ದಳು. ಮೇಜಿನ ಮೇಲೆ ಎರಡೂ ಕೈ ಊರಿದಳು.

"ದೇವರು ಆರು ದಿನದಲ್ಲಿ ಲೋಕ ಮಾಡಿದ ಅಂತ ನಾನು ನಂಬ್ತೀನಿ. ಸಾಯೋವರೆಗೂ ನಂಬ್ತೀನಿ." ಜನ ಚಪ್ಪಾಳೆ ತಟ್ಟಿದರು. ಅವಳು ಅದು ನಿಲ್ಲುವವರೆಗೆ ಕಾದಳು. "ಸುಳ್ಳುಸಾಕ್ಷಿ ಹೇಳಬೇಡ ಅಂದವನೂ ಅವನೇ. ನನ್ನ ಸೊಸೆ ಇದನ್ನ ನಂಬಲ್ಲ. ಅವಳ ಹೊಟ್ಟೆ ಮೇಲೆ ಹೊಡೆದು ನಂಬ್ತೀನಿ ಅಂತ ಹೇಳಿಸಿದ್ರೆ, ಆ ಸುಳ್ಳು ಅವಳದಲ್ಲ, ನಮ್ಮದು! ದೇವರಿಗೆ ಸುಳ್ಳಿನ ಆಸರೆ ಬೇಕಾ? ನನ್ನ ಮತ... ಬೇಡ."

ಅಂಗಳ ಹೊತ್ತಿ ಉರಿದಂತಾಯಿತು. ಆ ಗದ್ದಲದಲ್ಲಿ ಹಾರ್ಲನ್ ಟೋಪಿ ತೆಗೆದುಕೊಂಡು ಹೊರಗೆ ನಡೆದದ್ದು ಅವಳಿಗೆ ಕಂಡಿತು. ಉಳಿದದ್ದೇನೂ ಕಾಣಲಿಲ್ಲ.

ಲೊರೇನಳ ಕೆಲಸ ಉಳಿಯಿತು. ಜೋಸಿಯ ಪೆಟ್ಟಿಗೆ ಖಾಲಿಯಾಯಿತು. ಆದರೆ ನಾಲ್ಕು ದಿನ ಹಾರ್ಲನ್ ತಟ್ಟೆ ಹಿಡಿದು ಹೊರಗೆ ಜಗಲಿಯಲ್ಲಿ ಊಟ ಮಾಡಿದರು. ಚರ್ಚಿನ ಹಿರಿಯರು ಕೂತು ತೀರ್ಮಾನಿಸಿದ್ದರು: ವರ್ನಾ ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಇಲ್ಲವಾದರೆ ಸದಸ್ಯರ ಪಟ್ಟಿಯಿಂದ ಅವಳ ಹೆಸರು ತೆಗೆಯಬೇಕು. ಅವಳು ಒಪ್ಪಲಿಲ್ಲ. ಭಾನುವಾರ ಆ ಹೆಸರನ್ನು ಗಂಡನೇ ಓದಿದರು. "ಸಹೋದರಿ ವರ್ನಾ..." ಎಂದು ನಿಲ್ಲಿಸಿದರು. ನೀರು ಕುಡಿದು, ಪೂರ್ತಿ ಓದಿ ಮುಗಿಸಿದರು. ವರ್ನಾ ಎದ್ದು, ತಾನೇ ಹೊಲಿದ ಪರದೆಗಳ ಪಕ್ಕದಿಂದ ಹೊರಗೆ ನಡೆದಳು. ಒಬ್ಬರೂ ಮುಖ ಎತ್ತಲಿಲ್ಲ.

ಮುಂದಿನ ಭಾನುವಾರ ಅವಳು ಹತ್ತು ಮೈಲಿ ಆಚೆಯ, ಬೇರೆ ಪಂಗಡದ ಮೆಥಡಿಸ್ಟ್ ಚರ್ಚಿಗೆ ಹೊರಟಳು. ಕಾರಿನ ಕೀ ಹುಡುಕುತ್ತಿದ್ದಾಗ ಹೊರಗೆ ಹಾರ್ಲನ್ನರ ಟ್ರಕ್ಕು ಸದ್ದು ಮಾಡಿತು.

"ಗಾಡಿ ಹತ್ತು," ಎಂದರು, ಮುಖ ನೋಡದೆ.

"ನಿಮ್ಮ ಪ್ರಾರ್ಥನೆಗೆ ಹೊತ್ತಾಗುತ್ತೆ."

"ಆಗ್ಲಿ."

ಆ ಚರ್ಚಿನ ಮುಂದೆ ಗಾಡಿ ನಿಂತಾಗ ಅವರೇ ಬಾಯಿಬಿಟ್ಟರು. "ನೀನು ಮಾಡಿದ್ದು ತಪ್ಪು, ವರ್ನಾ. ಇವತ್ತೂ ಅದನ್ನೇ ಹೇಳ್ತೀನಿ."

"ಗೊತ್ತು."

"ಹನ್ನೆರಡಕ್ಕೆ ಬರ್ತೀನಿ. ಬಿಸಿಲಲ್ಲಿ ನಿಲ್ಲಬೇಡ, ಒಳಗೇ ಇರು."

ಅವಳು ಇಳಿದು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬಳು ಕೈ ಕುಲುಕಿ ಒಳಗೆ ಕರೆದೊಯ್ದಳು. ವರ್ನಾ ಕೂತು, ಹಾಡು ಶುರುವಾದ ಮೇಲೆಯೇ ಹೊರಗೆ ಟ್ರಕ್ಕು ಹೊರಟ ಸದ್ದು ಕೇಳಿಸಿತು.